ಪಿಟೀಲು ಮರೆತ ಐದು ದಿನ

ರಬ್ಬರ್ ಹುಡುಕಲು ಕಂಪಾಸ್ ಬಾಕ್ಸಿಗೆ ಕೈ ಹಾಕಿದವಳಿಗೆ ರಬ್ಬರ್ ಸಿಗಲಿಲ್ಲ. ನಾಲ್ಕಾಗಿ ಮಡಚಿದ ಒಂದು ಚೀಟಿ ಸಿಕ್ಕಿತು.

ಬಿಚ್ಚಿ ನೋಡಿದಳು. ಅಪ್ಪನ ದಪ್ಪ ದಪ್ಪ ಅಕ್ಷರ: ‘ಅಮ್ಮನ ಬಸ್ ಟೆಸ್ಟ್.’

“ಅಯ್ಯೋ!” ಎಂದಳು ಪಿಟೀಲು.

ಅವಳ ದನಿ ಮೊದಲೇ ಸಣ್ಣದು, ಚೂಪು. ಅದಕ್ಕೇ ಮನೆಯಲ್ಲಿ ಅವಳನ್ನು ಪಿಟೀಲು ಎಂದು ಕರೆಯುತ್ತಿದ್ದರು. ಶಾಲೆಯಲ್ಲೂ ಅದೇ ಹೆಸರು ನಿಂತುಬಿಟ್ಟಿತ್ತು. ಆ ‘ಅಯ್ಯೋ’ ಇಡೀ ಕ್ಲಾಸಿಗೆ ಕೇಳಿಸಿತು. ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತಿದ್ದ ಮೇಷ್ಟ್ರು ತಿರುಗಿ ನೋಡಿದರು.

“ಏನಮ್ಮಾ? ಛೇದದಲ್ಲಿ ಹಾವು ಕಂಡಿತಾ?”

“ಏನಿಲ್ಲ ಸಾರ್.”

ಪಕ್ಕದಲ್ಲಿ ಕೂತ ಗೆಳತಿ ಮೊಣಕೈಯಿಂದ ತಿವಿದಳು. ಯಾವ ಮಾತಿಗೂ ಒಂದು ಎದುರುವಾದ ಹೂಡದೆ ಬಿಡದ ಅವಳಿಗೆ ಎಲ್ಲರೂ ಇಟ್ಟ ಹೆಸರು ಲಾಯರ್.

“ಏನೇ ಅದು?”

“ಆಮೇಲೆ ಹೇಳ್ತೀನಿ.”

“ಆಮೇಲೆ ಅನ್ನೋ ಸಾಕ್ಷಿ ನಡೆಯಲ್ಲ. ಈಗ್ಲೇ ಹೇಳು.”

ಪಿಟೀಲು ಪುಸ್ತಕ ಅಡ್ಡ ಹಿಡಿದು ಪಿಸುಗುಟ್ಟಿದಳು.

ಅವಳ ಮನೆಯಲ್ಲಿ ಒಂದು ರೂಢಿ ಇತ್ತು. ಭಾನುವಾರ ರಾತ್ರಿ ಊಟವಾದ ಮೇಲೆ ಅಪ್ಪ ನಾಲ್ಕು ಚೀಟಿ ಬರೆದು ಬಟ್ಟಲಿಗೆ ಹಾಕಿ ಕುಲುಕುತ್ತಿದ್ದ. ಆ ವಾರ ಮನೆಯವರ ತಲೆ ತಿನ್ನುತ್ತಿರುವ ನಾಲ್ಕು ವಿಷಯ. ಅಜ್ಜಿ, ಅಪ್ಪ, ಅಮ್ಮ, ಪಿಟೀಲು ಒಂದೊಂದು ಎತ್ತಿಕೊಳ್ಳಬೇಕು. ಯಾರಿಗೆ ಯಾವುದು ಬಂತೋ ಅದನ್ನು ವಾರವಿಡೀ ದೇವರ ಹತ್ತಿರ ಹೇಳುವುದು ಅವರ ಕೆಲಸ. ಮುಂದಿನ ಭಾನುವಾರದವರೆಗೆ ಚೀಟಿ ಗುಟ್ಟು.

ಪಿಟೀಲು ಭಾನುವಾರ ಒಂದು ಸಲ ಹೇಳಿದ್ದಳು, ಅದೂ ಆಕಳಿಸುತ್ತ. ಚೀಟಿ ಕಳೆಯಬಾರದೆಂದು ಕಂಪಾಸ್ ಬಾಕ್ಸಿನಲ್ಲಿ ಭದ್ರವಾಗಿ ಇಟ್ಟಳು. ಎಷ್ಟು ಭದ್ರವೆಂದರೆ ಆಮೇಲೆ ಅದು ಅವಳಿಗೇ ಸಿಗಲಿಲ್ಲ. ಸೋಮವಾರ ರಿಲೇ ಓಟದ ಟೀಮಿಗೆ ಸೇರಿದಳು. ಮಂಗಳವಾರದಿಂದ ಪ್ರಾಕ್ಟೀಸ್. ಮನೆಗೆ ಬಂದು ಉಂಡರೆ ಕಣ್ಣು ತಾನಾಗಿ ಮುಚ್ಚುತ್ತಿತ್ತು.

ಈ ದಿನ ಶುಕ್ರವಾರ. ಟೆಸ್ಟ್ ಈ ದಿನವೇ, ಹನ್ನೆರಡೂವರೆಗೆ. ಬೆಳಿಗ್ಗೆ ಅಮ್ಮನಿಗೆ ‘ಆಲ್ ದಿ ಬೆಸ್ಟ್’ ಹೇಳಿ ಬಂದಿದ್ದಳು. ಆಗಲೂ ಚೀಟಿ ನೆನಪಾಗಿರಲಿಲ್ಲ!

ಅಮ್ಮ ಒಂದು ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದಳು. ಆ ಲಾಂಡ್ರಿ ಮುಂದಿನ ತಿಂಗಳು ಮುಚ್ಚುವುದಿತ್ತು. ಬಸ್ ಡಿಪೋದಲ್ಲಿ ಡ್ರೈವರ್ ಕೆಲಸ ಖಾಲಿ ಇತ್ತು. ಆದರೆ ಅಲ್ಲಿನ ಟೆಸ್ಟಿನಲ್ಲಿ ಅಮ್ಮ ಆಗಲೇ ಎರಡು ಸಲ ಫೇಲ್. ಮೂರನೆಯದೂ ಹೋದರೆ ಒಂದು ವರ್ಷ ಕಾಯಬೇಕು.

“ಪಾಸಾದ್ರೆ ಇಲ್ಲೇ ಇರೋಣ. ಇಲ್ದಿದ್ರೆ ಚಿಕ್ಕಪ್ಪನ ಊರಿಗೆ ಹೋಗೋಣ. ಅಲ್ಲಿ ಇಬ್ಬರಿಗೂ ಕೆಲಸ ಇದೆ,” ಎಂದು ಅಪ್ಪ ಹೇಳಿದ್ದ.

ಚಿಕ್ಕಪ್ಪನ ಊರು ಎಂದರೆ ಬೇರೆ ಮನೆ, ಬೇರೆ ಶಾಲೆ. ಪಕ್ಕದಲ್ಲಿ ಬೇರೆ ಯಾರೋ.

ಲಾಯರ್ ಎಲ್ಲ ಕೇಳಿ ಪೆನ್ಸಿಲ್ ಕಚ್ಚಿದಳು. “ಬಾಕಿ ಹೋಮ್‌ವರ್ಕ್ ಒಟ್ಟಿಗೆ ಬರೆಯಲ್ವಾ? ಹಾಗೇ ಐದು ದಿನದ್ದೂ ಈಗ್ಲೇ ಮುಗಿಸಿಬಿಡು.”

“ದೇವರು ಒಪ್ತಾನಾ?”

“ಲೇಟಾದ್ರೂ ನಮ್ಮ ಮೇಷ್ಟ್ರೇ ಒಪ್ತಾರೆ. ದೇವರು ಮೇಷ್ಟ್ರಿಗಿಂತ ಸ್ಟ್ರಿಕ್ಟಾ?”

ಅದೂ ಸರಿಯೆನಿಸಿತು. ಪಿಟೀಲು ಡೆಸ್ಕಿನ ಕೆಳಗೆ ಕೈ ಜೋಡಿಸಿ ಕಣ್ಣು ಮುಚ್ಚಿದಳು. ಸೋಮವಾರದ್ದು ಹೇಳಿದಳು. ಮಂಗಳವಾರದ್ದು ಹೇಳಿದಳು.

“ಏನು, ನಿದ್ದೆನಾ?” ಮೇಷ್ಟ್ರ ದನಿ ತಲೆಯ ಮೇಲೆಯೇ ಕೇಳಿಸಿತು.

“ಇಲ್ಲ ಸಾರ್, ಬುಧವಾರ!”

ಕ್ಲಾಸೆಲ್ಲ ಗೊಳ್ಳೆಂದಿತು.

“ನಮಗೆಲ್ಲ ಶುಕ್ರವಾರ ಕಣಮ್ಮಾ. ನಿನಗೂ ಆಗೋವರೆಗೆ ನಿಂತಿರು,” ಎಂದರು ಮೇಷ್ಟ್ರು.

ನಿಂತುಕೊಂಡು ಕಣ್ಣು ಮುಚ್ಚುವಂತಿಲ್ಲ. ಪ್ರಾರ್ಥನೆ ಬುಧವಾರದಲ್ಲೇ ನಿಂತಿತು.

ಊಟದ ಬೆಲ್ ಹೊಡೆದದ್ದೇ ತಡ, ಪಿಟೀಲು ಆಟದ ಮೈದಾನದ ಕೊನೆಗೆ ಓಡಿದಳು. ಅಲ್ಲಿ ಒಂದು ತಂತಿ ಬೇಲಿ. ಬೇಲಿಯ ಆಚೆ ಬಸ್ ಡಿಪೋ. ಅಂಗಳದಲ್ಲಿ ಕೆಂಪು ಡ್ರಮ್ಮುಗಳನ್ನು ಎರಡು ಸಾಲಾಗಿ ನಿಲ್ಲಿಸಿದ್ದರು. ಪಕ್ಕದಲ್ಲಿ ಒಂದು ಖಾಲಿ ಬಸ್. ಅಮ್ಮ ನೀಲಿ ಶರ್ಟಿನ ತೋಳು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ಓಡಾಡುತ್ತಿದ್ದಳು.

“ಅಮ್ಮಾ!”

ಶೆಡ್ಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು. ಅಮ್ಮ ಓಡಿ ಬಂದಳು. ಮೊದಲು ಮಗಳ ಮಂಡಿ ನೋಡಿದಳು, ಆಮೇಲೆ ಮುಖ.

“ಏನಾಯ್ತೇ? ಬಿದ್ಯಾ?”

“ಈವತ್ತು ಟೆಸ್ಟ್ ಬೇಡಮ್ಮ. ಮುಂದಿನ ವಾರ ತಗೋ.”

“ಮುಂದಿನ ವಾರಾನಾ? ಇದೇನು ಸಿನಿಮಾ ಟಿಕೆಟ್ಟಾ?”

ಪಿಟೀಲು ತಂತಿಯ ಕಿಂಡಿಯಿಂದ ಚೀಟಿ ತೂರಿಸಿದಳು. ಅಮ್ಮ ಓದಿದಳು.

“ಓಹೋ, ಈ ಸಲ ನಿನಗೆ ಬಂದಿತ್ತಾ?”

“ಮರೆತೇಬಿಟ್ಟೆ ಅಮ್ಮ. ಐದು ದಿನ ಏನೂ ಹೇಳಿಲ್ಲ. ಈಗ ಹೇಳೋಣ ಅಂದ್ರೆ ಬುಧವಾರಕ್ಕೇ ಸಾರ್ ಹಿಡಿದುಬಿಟ್ರು.” ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. “ನನ್ನಿಂದಾನೇ ನೀನು ಫೇಲಾಗ್ತೀಯ.”

ಅಮ್ಮ ತುಟಿ ಕಚ್ಚಿ ನಗು ತಡೆದಳು. ಆಮೇಲೆ ಬೇಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಳು.

“ಹೋದ ಎರಡು ಸಲ ಈ ಚೀಟಿ ಯಾರಿಗೆ ಬಂದಿತ್ತು?”

“ಅಜ್ಜಿಗೆ.”

“ಅಜ್ಜಿ ಮರೆತಿದ್ರಾ?”

ಅಜ್ಜಿಯಾ? ದಿನಕ್ಕೆ ಮೂರು ಹೊತ್ತು, ಜೋರಾಗಿ! ಅಮ್ಮನ ಟೆಸ್ಟ್ ಯಾವತ್ತೆಂದು ಪಕ್ಕದ ಮನೆಯವರಿಗೂ ಬಾಯಿಪಾಠವಾಗಿತ್ತು.

“ಆದ್ರೂ ನೀನು ಫೇಲ್!” ಎಂದಳು ಪಿಟೀಲು, ಅಳು ನಿಲ್ಲಿಸಿ. ಈ ಮಾತು ಅವಳಿಗೆ ಇದುವರೆಗೆ ಹೊಳೆದೇ ಇರಲಿಲ್ಲ.

“ಆದ್ರೂ ಫೇಲ್. ಮೊದಲನೇ ಸಲ ಎರಡು ಡ್ರಮ್ ಬೀಳಿಸಿದೆ, ಎರಡನೇ ಸಲ ಮೂರು.”

“ಹಾಗಾದ್ರೆ ದೇವರು ಕೇಳಿಸ್ಕೊಳ್ಳಲಿಲ್ವಾ?”

“ಮೊದಲನೇ ಸಲ ನಾನೂ ಹಾಗೇ ಅಂದ್ಕೊಂಡೆ. ಸ್ಟವ್ ಮುಂದೆ ನಿಂತು ಚೆನ್ನಾಗಿ ಅತ್ತೆ. ಅದೇ ವಾರ ನಿನಗೆ ಜ್ವರ ಬಂತು ನೋಡು, ಹದಿನೈದು ದಿನ. ಪಾಸಾಗಿದ್ರೆ ಆಗ ನಾನು ಟ್ರೈನಿಂಗಿಗೆ ಅಂತ ದೂರ ಇರ್ತಿದ್ದೆ. ನಿನ್ನ ಹಣೆ ಮೇಲೆ ಒದ್ದೆಬಟ್ಟೆ ಹಾಕ್ತಾ ಕೂತಾಗ ಅದು ಹೊಳೀತು.”

“ಎರಡನೇ ಸಲ?”

“ಅದು ಯಾಕೆ ಅಂತ ಇನ್ನೂ ಗೊತ್ತಿಲ್ಲ ಕಣೇ.”

“ಈವತ್ತೂ ಹೋದ್ರೆ?”

“ಹೋದ್ರೆ ಚಿಕ್ಕಪ್ಪನ ಊರು. ಅಲ್ಲೇನು ದೇವರಿಲ್ವಾ?” ಅಮ್ಮ ಕಿಂಡಿಯಿಂದ ಬೆರಳು ತೂರಿಸಿ ಅವಳ ಬೆರಳು ಹಿಡಿದಳು. ಅಮ್ಮನ ಬೆರಳು ತಣ್ಣಗಿತ್ತು. “ಆದ್ರೆ ನನಗೂ ಇಲ್ಲೇ ಇರೋಕೆ ಆಸೆ.”

“ಮೇಡಂ, ನಿಮ್ಮ ನಂಬರ್!” ಎಂದು ಅಮ್ಮನಿಗೆ ಬಸ್ ಡ್ರೈವಿಂಗ್ ಕಲಿಸಿದ ಡಿಪೋದ ಮಾಮ ಕೂಗಿದರು.

ಅಮ್ಮ ಚೀಟಿಯನ್ನು ಜೇಬಿಗೆ ಹಾಕಿಕೊಂಡಳು. “ಹೋಗು, ಊಟ ಮಾಡು.”

ಪಿಟೀಲು ಹೋಗಲಿಲ್ಲ. ಬಸ್ಸು ಗುರುಗುಟ್ಟಿತು. ಉಳಿದ ಮೂರು ದಿನದ್ದನ್ನಾದರೂ ಮುಗಿಸೋಣವೆಂದು ಅವಳು ಕಣ್ಣು ಮುಚ್ಚಿದಳು. ಬುಧವಾರ ಎಂದುಕೊಂಡಳು. ಮುಂದಕ್ಕೆ ಮಾತೇ ಬರಲಿಲ್ಲ. ಕಣ್ಣು ತೆರೆದುಬಿಟ್ಟಳು.

ತೆರೆದ ಕಣ್ಣಿಗೆ ಮೊದಲು ಕಂಡವರು ಡ್ರೈವಿಂಗ್ ಮಾಮ. ಅವರ ಮೈಮೇಲೆ ಯೂನಿಫಾರಂ ಇರಲಿಲ್ಲ. ಮನೆಯಲ್ಲಿ ಹಾಕುವ ಹಳೆಯ ಟೀಶರ್ಟು, ಕಾಲಲ್ಲಿ ಹವಾಯಿ ಚಪ್ಪಲಿ. ಶುಕ್ರವಾರ ಅವರಿಗೆ ರಜೆ. ಆದರೂ ಬಂದು ಬಸ್ಸಿನ ಪಕ್ಕದ ಕನ್ನಡಿಯನ್ನು ತಮ್ಮ ಟೀಶರ್ಟಿನ ಅಂಚಿನಿಂದಲೇ ಒರೆಸುತ್ತಿದ್ದರು.

ಆಮೇಲೆ, ಕೆಟ್ಟು ನಿಂತ ಒಂದು ಬಸ್ಸಿನ ಮರೆಯಲ್ಲಿ ಒಂದು ಬಿಳಿ ಏಪ್ರನ್ ಕಂಡಿತು. ಅಪ್ಪ! ತಾನು ಕೆಲಸ ಮಾಡುವ ಆಸ್ಪತ್ರೆಯ ಅಡಿಗೆಮನೆಯಿಂದ ತಲೆಯ ಮೇಲಿನ ಕಾಗದದ ಟೋಪಿಯನ್ನೂ ತೆಗೆಯದೆ ಸೈಕಲ್ ಹತ್ತಿ ಬಂದಿದ್ದ. ಅಮ್ಮನಿಗೆ ಕಂಡರೆ ಅವಳು ಗಾಬರಿಯಾದಾಳೆಂದು ಬಗ್ಗಿ ನಿಂತಿದ್ದ. ಪಿಟೀಲನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟ.

ಪಕ್ಕದಲ್ಲಿ ಟಿಫಿನ್ ಡಬ್ಬಿಯ ಸದ್ದಾಯಿತು. ಲಾಯರ್ ಇಬ್ಬರ ಡಬ್ಬಿಯನ್ನೂ ಹೊತ್ತು ತಂದಿದ್ದಳು.

“ತಿನ್ನು. ನೀನು ಉಪವಾಸ ಇದ್ರೆ ಬಸ್ ನೆಟ್ಟಗೆ ಹೋಗುತ್ತೆ ಅಂತ ಯಾವ ಕಾನೂನಲ್ಲೂ ಇಲ್ಲ.”

ಪಿಟೀಲು ಮೂವರನ್ನೂ ಮತ್ತೊಮ್ಮೆ ನೋಡಿದಳು. ಇವರನ್ನೆಲ್ಲ ಕಳಿಸು ಎಂದು ಅವಳು ದೇವರನ್ನು ಕೇಳಿರಲಿಲ್ಲ. ಕೇಳಬಹುದೆಂದು ಗೊತ್ತೂ ಇರಲಿಲ್ಲ. ಒಂದು ತುತ್ತು ಬಾಯಿಗಿಟ್ಟುಕೊಂಡಳು.

ಬಸ್ಸು ಮುಂದೆ ಹೋಯಿತು. ದಿಬ್ಬ ಹತ್ತಿ ನಿಂತಿತು. ಹಿಂದಕ್ಕೆ ಜಾರಲಿಲ್ಲ. ಇಳಿದು, ತಿರುಗಿತು. ಇನ್ನು ಡ್ರಮ್ಮಿನ ಸಾಲು. ಅದರ ನಡುವೆ ಬಸ್ಸನ್ನು ಹಿಂದಕ್ಕೆ ತರಬೇಕು.

ಬಸ್ಸು ನಿಧಾನವಾಗಿ ಹಿಂದೆ ಬಂತು. ಎಡಗಡೆಯ ಡ್ರಮ್ಮಿಗೆ ಒಂದು ಗೇಣು ಉಳಿದಾಗ ಗಕ್ಕನೆ ನಿಂತಿತು.

“ಮುಗೀತು!” ಎಂದಳು ಲಾಯರ್.

“ಸುಮ್ನಿರು.”

ಬಸ್ಸು ಒಂದಿಷ್ಟು ಮುಂದೆ ಹೋಯಿತು. ಸೊಟ್ಟ ಸರಿಮಾಡಿಕೊಂಡು ಮತ್ತೆ ಬಂತು. ಮೊದಲ ಡ್ರಮ್ಮು ದಾಟಿತು, ಎರಡನೆಯದು ದಾಟಿತು. ಕೊನೆಯದರ ಹತ್ತಿರ ಬಂದಾಗ ಪಿಟೀಲು ಅಗಿಯುವುದನ್ನೇ ಮರೆತಳು. ಬಸ್ಸು ನಿಂತಿತು. ಒಂದು ಡ್ರಮ್ಮೂ ಅಲ್ಲಾಡಿರಲಿಲ್ಲ.

ಟೆಸ್ಟ್ ಮಾಡುವ ಆಫೀಸರ್ ಇಳಿದು ಸುತ್ತ ಒಂದು ಸಲ ನಡೆದರು. ಬಗ್ಗಿ ನೋಡಿದರು. ಏನೋ ಬರೆದರು. ಆಮೇಲೆ ಅಮ್ಮನ ಕೈಗೆ ಹಾಳೆ ಕೊಟ್ಟರು.

ಅಮ್ಮ ಬೇಲಿಯ ಕಡೆ ತಿರುಗಿ ಎರಡೂ ಕೈ ಮೇಲೆತ್ತಿದಳು.

ಪಿಟೀಲು, ಲಾಯರ್ ಇಬ್ಬರೂ ಕಿರುಚಿದರು. ಅಪ್ಪ ಮರೆಯಿಂದ ಓಡಿ ಬಂದ. ಓಡುವ ಭರದಲ್ಲಿ ಡ್ರಮ್ಮಿಗೆ ಡಿಕ್ಕಿ ಹೊಡೆದ. ಡ್ರಮ್ಮು ಡಬಡಬನೆ ಉರುಳಿಕೊಂಡು ಹೋಯಿತು.

“ಇವರ್ಯಾರು?” ಎಂದರು ಆಫೀಸರ್.

“ನಮ್ಮನೆಯವರು ಸಾರ್,” ಎಂದಳು ಅಮ್ಮ.

“ಇವರು ಟೆಸ್ಟಿಗೆ ಬಂದ್ರೆ ಮೊದಲೇ ತಿಳಿಸಿ. ನಾನು ರಜೆ ಹಾಕ್ತೀನಿ.”

ಆ ಭಾನುವಾರ ಊಟವಾದ ಮೇಲೆ ಎಲ್ಲರೂ ತಮ್ಮ ಚೀಟಿಯ ಗುಟ್ಟು ಬಿಟ್ಟುಕೊಟ್ಟರು. ಪಿಟೀಲು ತನ್ನ ಐದು ದಿನದ ಕತೆ ಹೇಳಿದಳು. ಅಪ್ಪ ಕತ್ತು ಕೆರೆದುಕೊಂಡ. ಅವನಿಗೆ ಬಂದದ್ದು ಅಜ್ಜಿಯ ಮಂಡಿನೋವು.

“ನಾನೂ ದಿನಾ ಅರ್ಧ ಹೇಳೋಷ್ಟರಲ್ಲಿ ನಿದ್ದೆ ಹೋಗಿಬಿಟ್ಟೆ ಕಣಮ್ಮ,” ಎಂದ.

“ಹಾಗೆ ಹೇಳು ಮತ್ತೆ!” ಎಂದಳು ಅಜ್ಜಿ. “ಅದಕ್ಕೇ ಬಲಗಾಲು ಮಾತ್ರ ವಾಸಿಯಾಗಿದೆ.”

ಅಮ್ಮ ಟ್ರೈನಿಂಗ್ ಮುಗಿಸಿ ಬಂದಳು. ಅವಳ ಪಾಲಿಗೆ ಸಿಕ್ಕಿದ್ದು ಬೆಳಗಿನ ಮೊದಲ ಬಸ್ಸು. ಹಾಗಾಗಿ ಪಿಟೀಲಿಗೆ ಜಡೆ ಹಾಕುವ ಕೆಲಸ ಅಪ್ಪನ ಪಾಲಿಗೆ ಬಂತು.

ಮೊದಲ ದಿನ ಅಮ್ಮ ಹೊರಟಾಗ ಪಿಟೀಲು ಇನ್ನೂ ಗಾಢ ನಿದ್ದೆಯಲ್ಲಿದ್ದಳು. ಅವಳು ಎದ್ದು, ಮುಖ ತೊಳೆದು, ಬಾಚಣಿಗೆ ಹಿಡಿದು ಬಾಲ್ಕನಿಗೆ ಬಂದಾಗ ಆಗಷ್ಟೇ ಬೆಳಕು ಹರಿಯುತ್ತಿತ್ತು. ಅಪ್ಪ ಹಿಂದೆ ನಿಂತು ಕೂದಲನ್ನು ಹಗ್ಗದಂತೆ ಹೊಸೆಯತೊಡಗಿದ.

“ಅಪ್ಪಾ, ನೋವು!”

“ಮೂರು ಎಳೆ, ಎರಡೇ ಕೈ. ನಾನೇನು ಮಾಡ್ಲಿ?”

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಎರಡು ದೀಪ ಕಂಡವು. ಬಸ್ಸು ಅವರ ಮನೆಯ ಮುಂದೆಯೇ ಬಂತು. ಒಳಗೆ ಒಬ್ಬ ನರ್ಸ್, ಕಿಟಕಿಗೆ ಒರಗಿ ತೂಕಡಿಸುವ ಒಬ್ಬರು ತಾತ. ಎಲ್ಲರ ಮುಂದೆ ಅಮ್ಮ. ಅಮ್ಮ ಕೈ ಬೀಸಲಿಲ್ಲ. ಕೈ ಸ್ಟೇರಿಂಗ್ ಮೇಲಿತ್ತು, ಕಣ್ಣು ರಸ್ತೆಯ ಮೇಲೆ. ಬಸ್ಸು ಸಲೀಸಾಗಿ ಮುಂದಿನ ತಿರುವು ದಾಟಿ ಹೋಯಿತು.

ಈ ದಿನವೂ ತಾನು ದೇವರ ಹತ್ತಿರ ಏನನ್ನೂ ಕೇಳಿಕೊಂಡಿಲ್ಲವೆಂದು ಪಿಟೀಲಿಗೆ ಆಗ ಹೊಳೆಯಿತು. ಎದೆ ಧಸಕ್ಕೆನ್ನಲಿಲ್ಲ. ಅವಳು ಕಣ್ಣು ಮುಚ್ಚಿದಳು. ಬೆಳಗಿನ ಗಾಳಿ ಮುಖಕ್ಕೆ ತಣ್ಣಗೆ ತಾಗಿತು.

“ನೀನು ಆಗ್ಲೇ ಎದ್ದಿದ್ದೀಯಲ್ಲಾ!” ಎಂದು ಪಿಸುಗುಟ್ಟಿದಳು.

“ಮತ್ತೆ? ನಾಲ್ಕೂವರೆಗೇ ಎದ್ದಿದ್ದೀನಿ,” ಎಂದ ಅಪ್ಪ ಹಿಂದಿನಿಂದ. “ತಲೆ ಅಲ್ಲಾಡಿಸಬೇಡ.”

ಪಿಟೀಲು ತಲೆ ಅಲ್ಲಾಡಿಸದೆ ನಕ್ಕಳು.