ವಾಯವ್ಯದ ಕಿಟಕಿ

"ಏನು ಬೇಕಾದ್ರೂ ಮಾಡ್ಕೋ ಮಗಾ, ಆ ಗೋಡೆ ಮಾತ್ರ ಒಡೀಬೇಡ" ಎಂದಳು ಪಕ್ಕದ ಮನೆಯ ವಾಲ್ಬುರ್ಗಜ್ಜಿ.

ಯೋಬ್ಸ್ಟ್ ಆಗಲೇ ಸುತ್ತಿಗೆ ಎತ್ತಿದ್ದ. ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು ಅಚ್ಚು ತೆಗೆಯುವ ಕಸುಬು ಅವನದು. ನ್ಯೂರೆಂಬರ್ಗಿನಲ್ಲಿ ಗುರುವಿನ ಜೊತೆ ಜಗಳ ಕಾಯ್ದು, ಹೆಂಡತಿ ಅಪೊಲೋನಿಯಾಳನ್ನು ಕರೆದುಕೊಂಡು ಹಾರ್ಜ್ ಬೆಟ್ಟದ ತಪ್ಪಲಿನ ಕ್ರೇನ್‌ರೋಡೆ ಎಂಬ ಊರಿಗೆ ಬಂದಿದ್ದ. ಮೂವತ್ತು ವರ್ಷದ ದೊಡ್ಡ ಯುದ್ಧ ಮುಗಿದು ಊರುಗಳು ಆಗತಾನೇ ಉಸಿರುಬಿಡುತ್ತಿದ್ದ ಕಾಲ. ಖಾಲಿ ಮನೆಗಳಿಗೆ ಬರವಿರಲಿಲ್ಲ. ಈ ಮನೆಯ ಮಹಡಿ ಅವನಿಗೆ ಹಿಡಿಸಿತ್ತು. ಒಂದೇ ಕೊರತೆಯೆಂದರೆ ಬೆಳಕು. ಬೇಸಿಗೆಯ ಸಂಜೆ ಸೂರ್ಯ ಬಹಳ ಹೊತ್ತು ನಿಲ್ಲುವ ವಾಯವ್ಯ ಮೂಲೆಯಲ್ಲೇ ಯಾರೋ ಕಿಟಕಿಗೆ ಕಲ್ಲು ಜಡಿದು ಗಾರೆ ಬಳಿದಿದ್ದರು.

"ಈ ಊರಲ್ಲಿ ಯಾವ ಮನೆಗಾದ್ರೂ ಆ ದಿಕ್ಕಿಗೆ ಕಿಟಕಿ ನೋಡಿದ್ಯಾ?" ಎಂದಳು ಅಜ್ಜಿ.

"ಇಲ್ಲ. ಅದಕ್ಕೇ ಇರಬೇಕು, ನಿಮ್ಮೂರೋರೆಲ್ಲ ಗೂಬೆ ಥರ ಕಣ್ಣು ಪಿಳಿಪಿಳಿ ಬಿಡ್ತೀರಿ."

ಅಜ್ಜಿ ನಗಲಿಲ್ಲ. "ನಮ್ಮಜ್ಜಿ ಕಾಲದಲ್ಲಿ ಈ ಮನೇಲಿ ಒಬ್ಬ ಪಾದ್ರಿ ಇದ್ದ. ಓದಿ ಓದಿ ತಲೆ ಕೆಟ್ಟೋನು. ಆ ಕಿಟಕೀಲಿ ನಿಂತು ದೊರೆನ ಕರೆದ." ಆಮೇಲಿನ ಹೆಸರನ್ನು ಅವಳು ಮೇಲುಡುಪಿನ ಅಂಚನ್ನು ಸೆರಗಿನಂತೆ ಬಾಯಿಗೆ ಅಡ್ಡ ಹಿಡಿದು ಹೇಳಿದಳು: "ಪೈಮಾನ್ ದೊರೆ. ನರಕದಲ್ಲಿ ಕಿರೀಟ ಇಟ್ಕೊಂಡೋನು. ಕರೆದೋನು ಅವನನ್ನ ಹೋಗಿ ಬಾ ಅಂತ ಕಳಿಸ್ಕೊಡ್ಲಿಲ್ಲ, ಅಷ್ಟರಲ್ಲಿ ಸತ್ತ. ಅವತ್ತಿಂದ ದೊರೆ ಈ ದಾರೀಲಿ ಬರ್ತಾನೇ ಇದಾನೆ. ತೆರೆದ ಕಿಟಕಿ ಕಂಡ್ರೆ ನಿಲ್ತಾನೆ. ಏನು ಬೇಕು ಅಂತಾನೆ. ಕೇಳಿದ್ದು ಕೊಡ್ತಾನೆ."

"ಕೊಡ್ತಾನಲ್ಲ, ಮತ್ತೇನು ಕಷ್ಟ?"

"ಕೊಡ್ತಾನಲ್ಲ, ಅದೇ ಕಷ್ಟ."

ಮೂಲೆಯಲ್ಲಿ ಬಣ್ಣದ ಬಟ್ಟಲು ತೊಳೆಯುತ್ತಿದ್ದ ಅಪೊಲೋನಿಯಾ ಬಾಯಿ ಹಾಕಿದಳು. "ಬೇಡ ಅಂದ್ರೆ ಬಿಡೋ. ಬೆಳಕು ಬೇಕಿದ್ರೆ ಬೆಳಿಗ್ಗೆ ಬೇಗ ಏಳು. ಅದನ್ನ ಯಾವ ದೊರೆನೂ ತಡೆಯೋಲ್ಲ."

ಯೋಬ್ಸ್ಟ್ ಸುತ್ತಿಗೆ ಬೀಸಿದ. ಗಾರೆ ಉದುರಿತು. ಕಲ್ಲಿನ ಸಂದಿಯಿಂದ ಸುಟ್ಟ ರಾಳದ ಮತ್ತು ಯಾವುದೋ ದೊಡ್ಡ ಪ್ರಾಣಿಯ ಬೆವರಿನ ವಾಸನೆ ಒಟ್ಟಿಗೇ ಬಂದು ಮೂಗಿಗೆ ಅಡರಿತು. ಅಜ್ಜಿ ಎದೆಯ ಮೇಲೆ ಶಿಲುಬೆ ಗೀಚಿಕೊಂಡು ಮೆಟ್ಟಿಲಿಳಿದು ಹೋದಳು. ಸಂಜೆಯ ಹೊತ್ತಿಗೆ ಕಿಟಕಿಯೊಳಗಿಂದ ಜೇನಿನಂಥ ಬೆಳಕು ಸುರಿದು, ಮೇಜಿನ ಮೇಲಿನ ತಾಮ್ರ ಹೊತ್ತಿಕೊಂಡಂತೆ ಕಂಡಿತು. ಆ ವಾಸನೆ ಮಾತ್ರ ಹೋಗಲೇ ಇಲ್ಲ. ಕೆಲವು ದಿನಕ್ಕೆ ಮೂಗು ಒಗ್ಗಿಕೊಂಡಿತು.

ಗಂಡ ಕೊರೆದ ಚಿತ್ರಗಳಿಗೆ ಬಣ್ಣ ತುಂಬುವವಳು ಅಪೊಲೋನಿಯಾ. ಹಸಿರು ಎಂದರೆ ಕೆಂಪು ಬಳಿಯುವ ಹೆಂಗಸು. ಮರ ಕೆಂಪಾಗಿರುತ್ತಿತ್ತು, ಕುದುರೆ ನೀಲಿಯಾಗಿರುತ್ತಿತ್ತು, ಅದನ್ನೇ ಜನ ಮುಗಿಬಿದ್ದು ಒಯ್ಯುತ್ತಿದ್ದರು. ಗಂಡಹೆಂಡಿರ ಜಗಳ ಬೀದಿಗೆ ಕೇಳುತ್ತಿತ್ತು. ಅದರ ಬೆನ್ನಿಗೇ ನಗುವೂ ಕೇಳುತ್ತಿತ್ತು.

ಒಂದು ಸಂಜೆ ಜಗಳವಾದದ್ದು ಏದೆನ್ ತೋಟದ ಹಣ್ಣಿನ ಬಗ್ಗೆ. ಅವಳು ಅದಕ್ಕೆ ಕಪ್ಪು ಬಳಿದಿದ್ದಳು.

"ಹಣ್ಣು ಕೆಂಪು ಕಣೆ! ದೇವರು ಕೆಂಪು ಮಾಡಿದಾನೆ!"

"ದೇವರು ನಿನ್ನ ಮೂಗನ್ನೂ ಕೆಂಪು ಮಾಡಿದಾನೆ. ಅದನ್ನ ಯಾರಾದ್ರೂ ತಿಂತಾರಾ?" ಎಂದು ಅವಳು ಹೂಜಿ ಎತ್ತಿಕೊಂಡು ಬಿಯರ್ ತರಲು ಕೆಳಗಿಳಿದಳು.

ಯೋಬ್ಸ್ಟ್‌ಗೆ ನಗು ಬಂತು. ನಗುತ್ತಲೇ ಕಿಟಕಿಯ ಬಳಿ ಹೋದ. ಆಗ ಕಹಳೆ ಕೇಳಿತು.

ಮೊದಲು ಒಂದು. ಆಮೇಲೆ ಹಲವು. ಅವುಗಳ ನಡುವೆ ಕಂಚಿನ ತಾಳ. ರೈ ಧಾನ್ಯದ ಹೊಲದಾಚೆಯಿಂದ, ಸೂರ್ಯನೊಳಗಿಂದಲೇ ಹೊರಟಂತೆ, ಜೋಡಿ ಜೋಡಿಯಾಗಿ ವಾದ್ಯದವರು ಬರುತ್ತಿದ್ದರು. ಅವರ ಕಾಲಡಿ ಧೂಳೇಳುತ್ತಿರಲಿಲ್ಲ. ಪೈರು ಬಾಗುತ್ತಿರಲಿಲ್ಲ. ಹಿಂದೆ ಒಂದು ಒಂಟೆ; ಅದನ್ನು ಅವನು ಚಿತ್ರಗಳಲ್ಲಷ್ಟೇ ನೋಡಿದ್ದ. ಒಂಟೆಯ ಮೇಲೆ ಕಿರೀಟ ಧರಿಸಿದ ಗಂಡಸು. ಮುಖ ಹೆಣ್ಣಿನದು. ನುಣುಪಾದ, ಚೆಲುವಾದ, ಸ್ವಲ್ಪವೂ ಅಲುಗದ ಮುಖ.

ಇಟಲಿಯಿಂದ ಬಂದ ನಾಟಕದ ಮೇಳವಿರಬೇಕು ಎಂದುಕೊಂಡ ಯೋಬ್ಸ್ಟ್. ಅಜ್ಜಿಯ ಕತೆಗೆ ಸರಿಯಾಗಿ ವೇಷ ಕಟ್ಟಿದ್ದಾರೆ! ಕಿಟಕಿಯಿಂದ ಹೊರಗೆ ಬಾಗಿ ಕೈ ಬೀಸಿದ.

ಮೆರವಣಿಗೆ ನಿಂತಿತು. ಕಿರೀಟದವನು ಬಾಯಿ ತೆರೆದ. ಗಣಿಯ ಬಾವಿಯೊಳಗೆ ಕಲ್ಲುಬಂಡಿ ಉರುಳಿದಂಥ ಸದ್ದು. ಅಕ್ಷರವೇ ಇಲ್ಲದ ಮೊರೆತ. ಮೇಜಿನ ಮೇಲೆ ಬಟ್ಟಲುಗಳು ನಡುಗಿದವು.

"ತಿಳಿಯೋ ಹಾಗೆ ಮಾತಾಡಪ್ಪಾ ದೊರೆ!" ಎಂದು ಯೋಬ್ಸ್ಟ್ ಕೂಗಿದ.

"ಏನು ಬೇಕು?"

ದನಿ ಕಿವಿಯ ಪಕ್ಕದಲ್ಲೇ ಇತ್ತು. ಮಹಡಿಯ ಕಿಟಕಿಯ ಎತ್ತರಕ್ಕೆ ಸರಿಯಾಗಿ ಆ ಮುಖವೂ ಇತ್ತು. ಯೋಬ್ಸ್ಟ್‌ನ ನಗು ಅರ್ಧಕ್ಕೆ ಸಿಕ್ಕಿಕೊಂಡಿತು. ಆದರೂ ಹೆದರಿದೆನೆಂದು ತೋರಿಸಿಕೊಳ್ಳುವ ಜಾಯಮಾನ ಅವನದಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ಎಸೆದ.

"ನನ್ನ ಹೆಂಡ್ತಿ ನನ್ನ ಮಾತು ಕೇಳೋ ಹಾಗೆ ಮಾಡು. ಅಷ್ಟು ಮಾಡಿದ್ರೆ ನೀನೇ ದೊರೆ!"

ಕಿರೀಟದವನು ನಗಲಿಲ್ಲ. ಬಾಯಾರಿದವನಿಗೆ ನೀರು ಕೊಟ್ಟಾಗ ಬಾಗುವಂತೆ ಒಮ್ಮೆ ತಲೆ ಬಾಗಿಸಿದ. ಕಣ್ಣಿಗೆ ಬಿಸಿಲು ಚುಚ್ಚಿತು. ಯೋಬ್ಸ್ಟ್ ರೆಪ್ಪೆ ಬಡಿದು ನೋಡುವಷ್ಟರಲ್ಲಿ ಹೊಲ ಖಾಲಿ. ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

ಮೆಟ್ಟಿಲಿನ ಮೇಲೆ ಹೆಜ್ಜೆ ಕೇಳಿತು. ಅಪೊಲೋನಿಯಾ ಹೂಜಿ ಹಿಡಿದು ಬಾಗಿಲಲ್ಲಿ ನಿಂತಳು.

"ಇದನ್ನ ಎಲ್ಲಿಡ್ಲಿ, ಹೇಳಿ" ಎಂದಳು.

"ಓಹೋ, 'ಹೇಳಿ'! ಯಾವಾಗಿಂದಮ್ಮಾ ಇಷ್ಟು ಮರ್ಯಾದೆ?" ಎಂದು ಅವನು ಗಹಗಹಿಸಿದ. "ತಲೆ ಮೇಲಿಡು."

ಅವಳು ತುಂಬಿದ ಹೂಜಿಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡಳು. ಕೈ ಬಿಟ್ಟಳು. ಹೂಜಿ ವಾಲಿತು, ಬಿತ್ತು, ಒಡೆಯಿತು. ಬಿಯರ್ ಕೂದಲಿನಿಂದ ಕುತ್ತಿಗೆಗೆ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

ಆ ರಾತ್ರಿಯೆಲ್ಲ ಅವನು ಅದನ್ನು ಅವಳ ತಮಾಷೆಯೆಂದೇ ನಂಬಿದ್ದ. ಬೆಳಿಗ್ಗೆ ಹಣ್ಣು ಕೆಂಪಾಗಿತ್ತು. ಎಲೆ ಹಸಿರಾಗಿತ್ತು. ಹೇಳಿದ ಕಡೆ ಹೇಳಿದ ಬಣ್ಣ. ಚಿತ್ರವು ಅಂಗಡಿಯ ಹೆಸರುಹಲಗೆಯಷ್ಟು ಸಪ್ಪಗಿತ್ತು. "ನಿನಗಿಷ್ಟ ಬಂದ ಬಣ್ಣ ಹಾಕೇ" ಎಂದ. ಅವಳು ಕುಂಚ ಹಿಡಿದು ಕುಳಿತಳು. ಮಧ್ಯಾಹ್ನವಾದರೂ ಹಾಗೇ ಕುಳಿತಿದ್ದಳು. ಕುಂಚದ ತುದಿಯಲ್ಲಿ ಬಣ್ಣ ಒಣಗಿ ಬಿರಿದಿತ್ತು.

"ನನಗೆ ಏನಿಷ್ಟ, ಹೇಳಿ" ಎಂದಳು.

ಅವನು ತಿರುಗಿ ಕಿಟಕಿಯತ್ತ ನೋಡಿದ.

ಮೊದಲು ಹೋದದ್ದು ಇಷ್ಟ. ಆಮೇಲೆ ಹಸಿವು. ತಟ್ಟೆಯಲ್ಲಿ ಕೋಸಿನ ಸಾರು, ರೈ ರೊಟ್ಟಿ ಆರುತ್ತಿದ್ದವು. ತಿನ್ನು ಎನ್ನುವವರೆಗೆ ಮುಟ್ಟುತ್ತಿರಲಿಲ್ಲ, ಸಾಕು ಎನ್ನುವವರೆಗೆ ನಿಲ್ಲಿಸುತ್ತಿರಲಿಲ್ಲ. ಆಮೇಲೆ ನಿದ್ದೆ ಹೋಯಿತು. ಮಲಗು ಎಂದರೆ ಮಲಗುತ್ತಿದ್ದಳು, ಕಣ್ಣು ತೆರೆದೇ ಇರುತ್ತಿದ್ದವು. ಕಣ್ಣು ಮುಚ್ಚು ಎಂದು ಬೇರೆಯಾಗಿ ಹೇಳಬೇಕಿತ್ತು. ಅವಳ ಮೈಯಿಂದ ಈಗ ಸುಟ್ಟ ರಾಳದ ವಾಸನೆ ಬರುತ್ತಿತ್ತು. ಯೋಬ್ಸ್ಟ್ ಪ್ರತಿ ಮಾತನ್ನೂ ಬಾಯಲ್ಲಿ ತಿರುಗಿಸಿ ನೋಡಿ ಆಡತೊಡಗಿದ. ಜಗಳಕ್ಕಾಗಿ ಹಾತೊರೆದ. ಒಮ್ಮೆ "ನನ್ನ ಬೈಯೇ" ಎಂದ. ಅವಳು ಬೈದಳು. ಸಪಾಟು ದನಿಯಲ್ಲಿ, ಅವನು ಕೈಮುಗಿದು ಸಾಕು ಎನ್ನುವವರೆಗೂ.

ಊರಿಗೆ ಗೊತ್ತಾಗಬಾರದೆಂದು ಅವಳನ್ನು ಮಹಡಿಯಲ್ಲೇ ಇರಿಸಿಕೊಂಡ. ಆದರೆ ಒಂದು ಇಳಿಹೊತ್ತು ವಾಲ್ಬುರ್ಗಜ್ಜಿ ಕೆಳಗೆ ಬಾಗಿಲು ಬಡಿದಳು. "ಅಪೊಲೋನಿಯಾ! ಬಾವಿ ಕಡೆ ಕಾಣ್ಲೇ ಇಲ್ವಲ್ಲೇ, ಹುಷಾರಿಲ್ವಾ?"

ಯೋಬ್ಸ್ಟ್ ಗಾಬರಿಬಿದ್ದು ಹೆಂಡತಿಯತ್ತ ಬೆರಳು ತೋರಿಸಿದ. "ಉಸಿರೆತ್ತಬೇಡ!" ಎಂದು ಪಿಸುಗುಟ್ಟಿ ಮೆಟ್ಟಿಲಿಳಿದ.

ಅಜ್ಜಿ ಬಾಗಿಲು ದಾಟುತ್ತಲೇ ಮೂಗರಳಿಸಿದಳು. ಅವಳ ಮುಖ ಬಿಳುಚಿತು.

"ಏನು ಕೇಳ್ದೆ ಅವನನ್ನ?"

"ಯಾರನ್ನಜ್ಜಿ? ನಾನೇನು..."

"ಸುಳ್ಳು ಬೇಡ. ವಾಸನೆ ಬೀದಿವರೆಗೆ ಬರ್ತಿದೆ. ಏನು ಕೇಳ್ದೆ?"

ಯೋಬ್ಸ್ಟ್ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದ. ಅಜ್ಜಿ ಕೇಳಿ ತಲೆ ಚಚ್ಚಿಕೊಂಡಳು. "ಕೊಟ್ಟಿದ್ದನ್ನ ಬೇಡ ಅನ್ಬಹುದು ಮಗಾ. ಬೇಡಿದ ಬಾಯಿಂದಲೇ ಬೇಡ ಅಂದ್ರೆ ವಾಪಸ್ ತಗೋತಾನೆ. ಆದ್ರೆ ಬರಿಗೈಲಿ ಹೋಗೋನಲ್ಲ. ಜೊತೆಗೆ ಏನು ಎತ್ಕೊಂಡು ಹೋಗ್ತಾನೋ, ಅದು..."

ಮೇಲೆ ದೊಪ್ಪನೆ ಏನೋ ಬಿತ್ತು.

ಆಗ ಅವನಿಗೆ ತಾನಾಡಿದ ಮಾತು ನೆನಪಾಯಿತು.

ಓಡಿದ. ಮೊಣಕಾಲು ತರಚಿತು. ಬಾಗಿಲು ದೂಡಿದ. ಅಪೊಲೋನಿಯಾ ನೆಲದ ಮೇಲಿದ್ದಳು. ತುಟಿ ನೀಲಿ. ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತ್ತು. ಕಣ್ಣು ಅವನನ್ನೇ ನೋಡುತ್ತಿತ್ತು. ಕಾಯುತ್ತಿತ್ತು.

"ಉಸಿರಾಡು! ಉಸಿರಾಡೇ!"

ಎದೆ ಏರಿತು. ಇಳಿಯಿತು. ನಿಂತಿತು.

ಅವನು ಕಾದ. ಎದೆ ಮತ್ತೆ ಏಳಲಿಲ್ಲ.

"ಉಸಿರಾಡು!"

ಏರಿತು. ಇಳಿಯಿತು. ನಿಂತಿತು.

"ಆಡ್ತಾನೇ ಇರು! ನಿಲ್ಲಿಸ್ಬೇಡ!" ಎಂದ. ಎದೆ ಅಲುಗಲಿಲ್ಲ. ಹೀಗೆ ಒಟ್ಟಾಗಿ ಹೇಳಿದ ಮಾತು ಇನ್ನು ಅವಳೊಳಗೆ ಇಳಿಯುತ್ತಿರಲಿಲ್ಲ. ಒಂದು ಮಾತಿಗೆ ಒಂದೇ ಉಸಿರು. "ಉಸಿರಾಡು" ಎಂದ. ಏರಿತು. ಇಳಿಯಿತು. "ಉಸಿರಾಡು." ಇಳಿಯಿತು. "ಉಸಿರಾಡು."

ಅಜ್ಜಿ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವನ ಅಂಗಿ ಬೆವರಲ್ಲಿ ತೊಯ್ದಿತ್ತು. ಅಜ್ಜಿ ಅವಳ ಕೆನ್ನೆ ತಟ್ಟಿದಳು, ಉಸಿರಾಡು ತಾಯಿ ಎಂದಳು. ಏನೂ ಆಗಲಿಲ್ಲ. ಬೇರೆಯವರ ಮಾತು ಅವಳಿಗೆ ಸಲ್ಲುತ್ತಿರಲಿಲ್ಲ.

"ಉಸಿರಾಡು." ಅವನ ಗಂಟಲು ಒಣಗಿತು. "ಉಸಿರಾಡು." ದನಿ ಒಡೆಯಿತು. ಅರ್ಧ ಒಡೆದ ಮಾತಿಗೆ ಅರ್ಧ ಉಸಿರು ಬಂತು.

ಕಿಟಕಿಯಲ್ಲಿ ಬೆಳಕು ಕೆಂಪಗಾಗುತ್ತಿತ್ತು. ಹೊಲದಾಚೆ ಕಹಳೆ ಮೊಳಗಿತು.

"ಬೇಡ ಅನ್ನು!" ಎಂದು ಅಜ್ಜಿ ಅವನ ಭುಜ ಅಲುಗಿಸಿದಳು. "ಈಗಲೇ ಬೇಡ ಅನ್ನು!"

"ನಾನು ಬಿಟ್ರೆ ಸತ್ತೋಗ್ತಾಳಜ್ಜಿ! ಉಸಿರಾಡು! ನಾನು ಹೇಳದೆ ಇದ್ರೆ... ಉಸಿರಾಡು!"

"ಹೇಳ್ತಾ ಇದ್ರೂ ಸಾಯ್ತಾಳೆ. ನಿನ್ನ ಗಂಟಲು ನಾಳೆವರೆಗೆ ಬರುತ್ತಾ?"

ತಾಳದ ಸದ್ದು ಗೋಡೆಯವರೆಗೆ ಬಂತು. ನಿಂತಿತು. ರಾಳದ ವಾಸನೆ ಕೋಣೆಯನ್ನು ತುಂಬಿತು. ಯೋಬ್ಸ್ಟ್ ತಲೆಯೆತ್ತಲಿಲ್ಲ, ಎತ್ತದೆಯೂ ಅವನಿಗೆ ಗೊತ್ತಿತ್ತು. ಕಿಟಕಿಯ ಎತ್ತರಕ್ಕೆ ಆ ಮುಖ. ಅವಸರವಿಲ್ಲದೆ ಕಾಯುವ ಮುಖ.

ಅವನು ಹೆಂಡತಿಯ ಕೈ ಹಿಡಿದ. ತಣ್ಣಗಿತ್ತು. ಉಗುರಿನ ಸಂದಿಯಲ್ಲಿ ತಾನು ಬಳಿಸಿದ ಕೆಂಪು ಬಣ್ಣವಿತ್ತು.

"ಬೇಡ!" ಎಂದು ಚೀರಿದ. "ಕೊಟ್ಟಿದ್ದು ಬೇಡ! ಅವಳು ನನ್ನ ಮಾತು ಕೇಳೋದು ಬೇಡ! ಇನ್ನೆಂದೂ ನನ್ನ ಮಾತು ಕೇಳದೆ ಇರಲಿ!"

ಕಿಟಕಿಯಲ್ಲಿ ಕಿರೀಟ ಒಮ್ಮೆ ಬಾಗಿತು.

ಸದ್ದಡಗಿತು. ಅಪೊಲೋನಿಯಾಳ ಎದೆ ನಿಂತಿತ್ತು. ಉಸಿರಾಡು, ಎಂದ ಯೋಬ್ಸ್ಟ್. ಏಳಲಿಲ್ಲ. ಮತ್ತೆ ಎಂದ. ಏಳಲಿಲ್ಲ. ಅವಳ ಮುಖದ ಬಣ್ಣ ಸೀಸದಂತಾಯಿತು. ಅವನು ಅವಳ ಎದೆಯ ಮೇಲೆ ಹಣೆಯಿಟ್ಟು ಬಿಕ್ಕಿದ. ಅಜ್ಜಿ ಸತ್ತವರ ಪ್ರಾರ್ಥನೆ ಶುರು ಮಾಡಿದಳು.

ಹಣೆಯ ಕೆಳಗೆ ಏನೋ ಅಲುಗಿತು.

ಒಮ್ಮೆ. ತಡೆದು ತಡೆದು ಇನ್ನೊಮ್ಮೆ. ಆಮೇಲೆ ನೀರಿಂದ ಮೇಲೆದ್ದವಳಂತೆ ಅವಳು ಬಾಯ್ತುಂಬ ಗಾಳಿ ಎಳೆದುಕೊಂಡಳು, ಕೆಮ್ಮಿದಳು, ಅವನ ತಲೆಯನ್ನು ಪಕ್ಕಕ್ಕೆ ತಳ್ಳಿದಳು.

"ಆ ಕಿಟಕಿ ಮುಚ್ಚೋ, ಮುಠ್ಠಾಳ" ಎಂದಳು.

ಅವನು ಅಳುತ್ತ ನಕ್ಕ. ಅವಳ ಕೈಗೆ ಮುತ್ತಿಟ್ಟ. ಏನೇನೋ ಬಡಬಡಿಸಿದ, ತಪ್ಪಾಯ್ತು ಎಂದ, ಮತ್ತೆ ಮತ್ತೆ ಎಂದ. ಅವಳು ಹುಬ್ಬು ಗಂಟಿಕ್ಕಿ ಅವನ ಬಾಯಿಯನ್ನೇ ನೋಡುತ್ತಿದ್ದಳು.

"ಏನು ಬಾಯಾಡಿಸ್ತಿದೀಯ? ಜೋರಾಗಿ ಹೇಳು."

ಅವನು ಜೋರಾಗಿ ಹೇಳಿದ. ಬೀದಿಯಲ್ಲಿ ಯಾರೋ ತಲೆಯೆತ್ತಿ ನೋಡುವಷ್ಟು ಜೋರಾಗಿ. ಅಪೊಲೋನಿಯಾ ಅಜ್ಜಿಯ ಕಡೆ ತಿರುಗಿದಳು. "ಇವನಿಗೇನಾಗಿದೆ? ದನಿಯೇ ಬರ್ತಿಲ್ವಲ್ಲ?"

ಅಜ್ಜಿ ಕೂತಲ್ಲೇ ಕಣ್ಣು ಮುಚ್ಚಿಕೊಂಡಳು.

ಇಗರ್ಜಿಯ ಗಂಟೆ ಅಪೊಲೋನಿಯಾಗೆ ಕೇಳುತ್ತಿತ್ತು. ಬೀದಿಯ ಬಾತುಕೋಳಿಗಳು, ತಾಮ್ರದ ಮೇಲೆ ಉಳಿ ಕರಕರ ಎನ್ನುವುದು, ಅವನ ಸೀನು ಕೂಡ ಕೇಳುತ್ತಿತ್ತು. ಅವನ ಮಾತು ಮಾತ್ರ ಕೇಳುತ್ತಿರಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ. ಅವನು ಅಜ್ಜಿಯ ಕೈಯಲ್ಲಿ ಹೇಳಿಸಿದ: ಕ್ಷಮಿಸು ಅಂತಿದಾನೆ ತಾಯೀ. ಅಜ್ಜಿಯ ಬಾಯಿ ಆಡಿತು. ಅಪೊಲೋನಿಯಾಗೆ ಅಷ್ಟು ಹೊತ್ತು ಅಜ್ಜಿಯ ದನಿಯೂ ಇಲ್ಲವಾಯಿತು. ಅವನ ಮಾತು ಯಾರ ಬಾಯಿಂದ ಬಂದರೂ ಅವಳನ್ನು ಮುಟ್ಟುತ್ತಿರಲಿಲ್ಲ.

ಕಿಟಕಿಗೆ ಅವನು ಮತ್ತೆ ಕಲ್ಲು ಕಟ್ಟಿದ. ಎಲೆ ಉದುರುವ ಕಾಲ ಬಂತು. ಅವಳು ಮತ್ತೆ ಬಣ್ಣದ ಮುಂದೆ ಕೂತಳು. ಜನ ಮತ್ತೆ ಬಂದರು. ಒಂದು ಮಧ್ಯಾಹ್ನ, ಮಂಜಿನ ಬೆಳಕಿನಲ್ಲಿ, ಕುಂಚ ಕೆಳಗಿಡದೆ ಅವಳು ಮಾತು ತೆಗೆದಳು.

"ಆ ದಿನಗಳಲ್ಲಿ ನಾನು ಒಳಗೇ ಇದ್ದೆ ಯೋಬ್ಸ್ಟ್. ಎಲ್ಲಾ ನೋಡ್ತಿದ್ದೆ, ಕೇಳಿಸ್ಕೋತಿದ್ದೆ. ಕೈ ನಂದಲ್ಲ, ಕಾಲು ನಂದಲ್ಲ, ಕೂಗೋಕೆ ಬಾಯಿಲ್ಲ." ಅವನ ಕಡೆ ತಿರುಗಿದಳು. "ಒಂದೇ ಕೇಳ್ತೀನಿ. ಆ ದೊರೆ ಹತ್ರ ಬಾಯಿಗೆ ಬಂದಿದ್ದು ಅಂದ್ಯಾ, ಇಲ್ಲಾ ಮನಸ್ಸಲ್ಲಿ ಇದ್ದಿದ್ದನ್ನೇ ಅಂದ್ಯಾ?"

ಅವನು ಉಳಿ ಬಿಟ್ಟು ಜೋರಾಗಿ ತಲೆಯಲ್ಲಾಡಿಸಿದ. ಇಲ್ಲ, ಇಲ್ಲ, ಇಲ್ಲ.

"ತಲೆ ಅಲ್ಲಾಡ್ಸೋದು ಎತ್ತಿಗೂ ಬರುತ್ತೆ" ಎಂದಳು ಅಪೊಲೋನಿಯಾ. "ನಂಗೆ ಮಾತು ಬೇಕು."

ಅವನು ಅವಳ ಮುಂದೆ ಮಂಡಿಯೂರಿ ಕೂತು ಹೇಳತೊಡಗಿದ. ಮದುವೆಯ ದಿನದಿಂದ ಶುರುಮಾಡಿ, ಏನನ್ನೂ ಬಿಡದೆ. ಅವಳು ಅವನ ತುಟಿಗಳನ್ನು ಕೊನೆಯವರೆಗೂ ನೋಡಿದಳು. ಅವು ನಿಂತ ಮೇಲೆ ಇನ್ನಷ್ಟು ಹೊತ್ತು ಕಾದಳು. ಆಮೇಲೆ ಕುಂಚವನ್ನು ನೀರಿಗೆ ಅದ್ದಿ, ಬೆನ್ನು ತಿರುಗಿಸಿಕೊಂಡು, ಮರಕ್ಕೆ ಬಣ್ಣ ಬಳಿಯತೊಡಗಿದಳು.