ಹೆಸರು ತಿನ್ನುವ ಬೆಂಕಿ

ಬಹಳ ಹಿಂದೆ, ಏಳು ಗುಡ್ಡಗಳ ನಡುವೆ ಕೆಂಬರೆ ಎಂಬ ರಾಜ್ಯವಿತ್ತು. ಅಲ್ಲಿ ರಾಜನ ಮಾತನ್ನು ಊರೂರಿಗೆ ಸಾರುತ್ತಿದ್ದವಳು ಡಂಗುರದ ಬೊಮ್ಮಿ. ಹೆಂಗಸು ಡಂಗುರ ಬಾರಿಸುವುದೇ ಎಂದು ಮೂಗು ಮುರಿದವರೂ ಅವಳ ದನಿ ಕೇಳಿದರೆ ತಿನ್ನುವ ತುತ್ತು ಬಿಟ್ಟು ಹೊರಗೆ ಬರುತ್ತಿದ್ದರು. ಅವಳಿಗೆ ತನ್ನವನೆಂದು ಇದ್ದವನು ಒಬ್ಬನೇ, ಮೇಲೂರಿನಲ್ಲಿ ಜೇನು ಕೀಳುವ ತಮ್ಮ ಕೇತ.

ಒಂದು ಬೇಸಿಗೆ ಕಾಡಿಗೆ ಬೆಂಕಿ ಬಿತ್ತು. ಆ ಬೆಂಕಿಗೆ ತೋಳದ ರೂಪವಿತ್ತು, ಗುಡ್ಡದಷ್ಟು ಗಾತ್ರವಿತ್ತು. ಕಾಡಂಚಿನ ಕೆಳಗಿನೂರು, ನಡುವೂರು, ಮೇಲೂರು ಮೂರನ್ನೂ ಖಾಲಿ ಮಾಡಿ ಹೊಳೆ ದಾಟಬೇಕೆಂದು ರಾಜನ ಅಪ್ಪಣೆಯಾಯಿತು. ಬೊಮ್ಮಿ ಡಂಗುರವನ್ನು ಕೊರಳಿಗೆ ಹಾಕಿಕೊಂಡು ಓಡಿದಳು.

ಕೆಳಗಿನೂರಿನಲ್ಲಿ ಯಾರೂ ಗಂಟುಮೂಟೆ ಕಟ್ಟಿರಲಿಲ್ಲ. ಬೆಂಕಿ ಹೇಗೆ ಹತ್ತಿತೆಂದು ಊರಿಗೆ ಊರೇ ವಾದಕ್ಕೆ ಕೂತಿತ್ತು.

"ಬಿದಿರಿಗೆ ಬಿದಿರು ಉಜ್ಜಿ ಹತ್ತಿದ್ದು ಕಣ್ರೋ," ಎಂದನೊಬ್ಬ.

"ಬಿದಿರೂ ಇಲ್ಲ ಗಿದಿರೂ ಇಲ್ಲ. ಕುರಿ ಕಾಯೋ ಈರಂದೇ ಕೆಲಸ. ಹೊಸ ಹುಲ್ಲು ಚಿಗುರಲಿ ಅಂತ ಹಚ್ಚವ್ನೆ," ಎಂದ ಇನ್ನೊಬ್ಬ.

ಈರನ ಹೆಸರು ಬಾಯಿಂದ ಬಿದ್ದದ್ದೇ ತಡ, ತೋಳ ಅದನ್ನು ಗಾಳಿಯಲ್ಲೇ ಕಚ್ಚಿ ನುಂಗಿ ಒಂದು ಗುಡ್ಡ ಹಾರಿತು. ಬೊಮ್ಮಿ ಅದನ್ನು ಗಮನಿಸಿದಳು.

"ಈರ ಹಚ್ಚಿದ್ದನ್ನ ನೋಡಿದೋರು ಯಾರು?"

ಅಂದವನು ತಲೆ ಕೆರೆದುಕೊಂಡ. "ನೋಡಿಲ್ಲ ಕಣವ್ವ."

ತೋಳ ಇದ್ದಲ್ಲೇ ಕುಕ್ಕರಿಸಿತು. ಅಷ್ಟು ಹೊತ್ತು ಸಿಕ್ಕಿದ್ದೇ ಸಾಕಾಯಿತು, ಕೆಳಗಿನೂರು ಹೊಳೆ ದಾಟಿತು.

ನಡುವೂರಿನಲ್ಲಿ ಗಾಡಿ ಹೂಡಿದ್ದರು. ಆದರೆ ಭತ್ತ ಬೇಯಿಸುವ ಸಿದ್ದಜ್ಜಿಯನ್ನು ಹತ್ತಿಸಿಕೊಳ್ಳಲು ಯಾರೂ ಒಪ್ಪಲಿಲ್ಲ. "ಸಿದ್ದಜ್ಜಿ ಒಲೆ ಕಿಡೀನೇ ಕಾಡಿಗೆ ಹಾರಿದ್ದು," ಎಂದರು. ತೋಳ ಆ ಹೆಸರನ್ನೂ ನುಂಗಿ ಇನ್ನೊಂದು ಗುಡ್ಡ ಹಾರಿತು. ಬೊಮ್ಮಿ ಅಜ್ಜಿಯನ್ನು ತಾನೇ ಎತ್ತಿ ಗಾಡಿಯಲ್ಲಿ ಕೂರಿಸಿದಳು.

"ಕಿಡಿ ಹಾರಿದ್ದನ್ನ ನೋಡಿದೋರು ಯಾರು?"

"ನೋಡಿಲ್ಲ," ಎಂದರು ಎಲ್ಲರೂ. ತೋಳ ಮತ್ತೆ ಕುಕ್ಕರಿಸಿತು.

ಅಜ್ಜಿ ಅವಳ ಕೈ ಹಿಡಿದುಕೊಂಡಳು. "ಮೇಲೂರಲ್ಲಿ ನಿನ್ನ ತಮ್ಮನ್ನ ಮರಕ್ಕೆ ಕಟ್ಟವ್ರಂತೆ ಮಗಾ. ಬೇಗ ಹೋಗು."

ಬೊಮ್ಮಿ ಮೇಲೂರಿಗೆ ಒಂದೇ ಉಸಿರಿನಲ್ಲಿ ಓಡಿದಳು.

ಅಲ್ಲಿ ಕೇತನನ್ನು ಹುಣಸೆಮರಕ್ಕೆ ಬಿಗಿದಿದ್ದರು. "ಜೇನಿಗೆ ಹೊಗೆ ಹಾಕೋಕೆ ದೊಂದಿ ಹಿಡ್ಕೊಂಡು ಕಾಡಿಗೆ ಹೋದೋನು ಈ ಕೇತ. ನಾವು ಹೊರಡ್ತೀವಿ, ಇವನು ಇಲ್ಲೇ ಬೇಯಲಿ," ಎಂದ ಊರ ಗೌಡ. ತೋಳ ಕಡೆಯ ಗುಡ್ಡವನ್ನೂ ಹಾರಿ ಊರ ಬಾಗಿಲಿಗೆ ಬಂತು.

ಗೌಡನ ಪಕ್ಕದಲ್ಲಿ ತೋಳವನ್ನು ಸಾಕಿದ ಮಾಂತ್ರಿಕ ಕರಿಭಸ್ಮ ನಿಂತಿದ್ದ. ತೋಳ ಒಂದೊಂದು ಹೆಸರು ತಿಂದಾಗಲೂ ಅವನು ಒಂದೊಂದು ಮಾರು ಬೆಳೆಯುತ್ತಿದ್ದ. ಬೊಮ್ಮಿಯ ಕಡೆಗೆ ಬಾಗಿ ಬೆಣ್ಣೆಯಂಥ ದನಿಯಲ್ಲಿ ಹೇಳಿದ, "ಇನ್ನೊಂದು ಹೆಸರು ಹೇಳು, ನಿನ್ನ ತಮ್ಮನ್ನ ಬಿಡಿಸ್ತೀನಿ. ಆ ಮುದುಕಿ ಹೆಸರಾದರೂ ಸರಿ."

ಅಜ್ಜಿಯ ಹೆಸರು ನಾಲಗೆಯ ತುದಿಗೆ ಬಂತು. ಎದುರಿಗೆ ತಮ್ಮ, ಬೆನ್ನಿಗೆ ಬೆಂಕಿ, ಯಾರಿಗಾದರೂ ಬಂದೀತು. ಬೊಮ್ಮಿ ಅದನ್ನು ನುಂಗಿಕೊಂಡಳು. ಎಂಥ ಗುಂಡಿಗೆ ಅವಳದು.

"ಅಜ್ಜಿ ಹಚ್ಚಿದ್ದನ್ನ ನಾನು ನೋಡಿಲ್ಲ. ನನ್ನ ತಮ್ಮ ಹಚ್ಚಿಲ್ಲ ಅನ್ನೋಕೂ ನಾನು ಅಲ್ಲಿರಲಿಲ್ಲ."

"ಹಾಗಾದ್ರೆ ನಾನೇ ಹಚ್ಚಿದೆ ಅನ್ನು," ಎಂದ ಮಾಂತ್ರಿಕ. ತನ್ನ ಹೆಸರಾದರೂ ಅವನಿಗೆ ಅಡ್ಡಿಯಿರಲಿಲ್ಲ.

"ಅದನ್ನೂ ನೋಡಿಲ್ಲ ಸ್ವಾಮಿ. ಬೆಂಕಿ ಬಂತು, ನೀವೂ ಹೊರಡಿ. ಹೊಳೆ ಈ ಕಡೆ."

ಗೌಡ ತಲೆ ತಗ್ಗಿಸಿ, "ನಾನೂ ನೋಡಿಲ್ಲ ಕಣವ್ವ," ಎಂದ. ಊರೆಲ್ಲ ಅದನ್ನೇ ಅಂದಿತು. ಮಾಂತ್ರಿಕ ಮಾರಿನಿಂದ ಮೊಳಕ್ಕೆ, ಮೊಳದಿಂದ ಗೇಣಿಗೆ ಇಳಿದು ಒಂದು ಹಿಡಿ ಬೂದಿಯಾದ. ತಿನ್ನಲು ಹೆಸರಿಲ್ಲದೆ ತೋಳ ಮಲಗಿ ತಣ್ಣಗಾಯಿತು.

ಗೌಡನೇ ಹಗ್ಗ ಬಿಚ್ಚಿದ. ಕೇತನ ಕಾಲು ಜೋಮು ಹಿಡಿದಿತ್ತು. ಬೊಮ್ಮಿ ಕೂತು ತಿಕ್ಕತೊಡಗಿದಳು.

"ನನ್ನ ತಮ್ಮ ಅಂಥೋನಲ್ಲ ಅಂತ ಒಂದು ಮಾತು ಅನ್ನಬಾರದಾಗಿತ್ತಾ ಅಕ್ಕ?"

"ನೀನು ಅಂಥೋನಲ್ಲ ಅಂತ ನಂಗೆ ಗೊತ್ತು ಕಣೋ. ನೋಡಿರಲಿಲ್ಲ ಅಷ್ಟೆ," ಎಂದವಳೇ ಗಳಗಳನೆ ಅತ್ತುಬಿಟ್ಟಳು.

ಹೊಳೆಯಾಚೆಗೆ ಹೋಗಿದ್ದವರೆಲ್ಲ ಮರಳಿ ಬಂದರು, ಒಲೆಗಳು ಉರಿದವು, ಕಾಡು ಚಿಗುರಿತು. ಮೂರೂರಿನವರು ಅಕ್ಕ ತಮ್ಮನನ್ನು ತಲೆಯ ಮೇಲೆ ಹೊತ್ತುಕೊಂಡು ಸುಖವಾಗಿ ಬಾಳಿದರು.