ಎರಡು ಹಳದಿ ಗೆರೆ

ಮಂಗಳವಾರ ಬೆಳಿಗ್ಗೆ 9.40ಕ್ಕೆ ಕ್ರೀಡಾಂಗಣದ ಫಿಟ್ಟರ್ ಠಾಣೆಗೆ ಬಂದ. ಸಣ್ಣದೊಂದು ಭೂಕಂಪಕ್ಕೆ ಅಲ್ಲಿನ ಗುಮ್ಮಟ ಕುಸಿದು ನಾಲ್ಕು ದಿನವಾಗಿತ್ತು. ಸತ್ತ ಆರು ಮಂದಿಯಲ್ಲಿ ಬ್ಯಾಡ್ಮಿಂಟನ್ ಆಡುತ್ತಿದ್ದ ಅವನ ಮಗಳೂ ಇದ್ದಳು.

"ಊರಲ್ಲಿ ಒಂದು ಗೋಡೆನೂ ಬಿರುಕು ಬಿಟ್ಟಿಲ್ಲ ಸಾರ್. ಭೂಕಂಪ ತಡೀಲಿ ಅಂತ ರಿಪೇರಿ ಮಾಡಿದ ಚಾವಣಿನೇ ಬಿತ್ತು. ಯಾರ ತಪ್ಪು ಅಂತ ಬರ್ಕೊಳ್ಳಿ."

ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 2ಕ್ಕೆ ಸ್ಥಳ ಪಂಚನಾಮೆ. ರಿಪೇರಿ ಮಾಡಿಸಿದ ಎಂಜಿನಿಯರ್ ಇನ್‌ಸ್ಪೆಕ್ಟರಿಗೆ ವಿವರಿಸಿದಳು. ಕಂಬಗಳ ತಲೆಯ ಮೇಲೆ ರಬ್ಬರ್ ದಿಂಬುಗಳಿವೆ. ನೆಲ ನಡುಗಿದಾಗ ಗುಮ್ಮಟ ಅವುಗಳ ಮೇಲೆ ಮೆಲ್ಲಗೆ ಸರಿದಾಡಬೇಕು. ಸಾಗಿಸುವಾಗ ಅಲುಗದಂತೆ ದಿಂಬಿಗೆ ಕೆಂಪು ಬಣ್ಣದ ಉಕ್ಕಿನ ಪಟ್ಟಿ ಇಟ್ಟು ಬೋಲ್ಟು ಬಿಗಿದಿರುತ್ತಾರೆ. ಕೂರಿಸಿದ ಮೇಲೆ ಬಿಚ್ಚಬೇಕು.

"ಬಿಚ್ಚಿದ್ರಾ?"

"ಇಪ್ಪತ್ನಾಲ್ಕೂ. ಫೋಟೊ ಇದೆ."

ಕಾಗದದ ಮೇಲೆ ಯಾವುದು ತಾನೆ ಸರಿಯಿರುವುದಿಲ್ಲ? ಆದರೆ ಫೋಟೊ ಸುಳ್ಳಾಗಿರಲಿಲ್ಲ. ಅವಶೇಷದಲ್ಲಿ ಮಾತ್ರ ಪೂರ್ವ ದಿಕ್ಕಿನ ಏಳು ದಿಂಬುಗಳಿಗೆ ಕೆಂಪು ಪಟ್ಟಿ ಇತ್ತು.

"ಯಾರೋ ಆಮೇಲೆ ಹಾಕಿದಾರೆ," ಎಂದಳು. "ಒಂದು ಕಡೆ ಬಿಗಿ, ಉಳಿದ ಕಡೆ ಸಡಿಲ. ಗುಮ್ಮಟ ತಿರುಚಿಕೊಂಡು ಬಿದ್ದಿದೆ."

ಮುಖ್ಯ ಪೇದೆ ಧೂಳು ಒರೆಸಿದ. ಆ ಪಟ್ಟಿಗಳ ಪ್ರತಿ ಬೋಲ್ಟಿನ ಮೇಲೂ ಎರಡು ಹಳದಿ ಗೆರೆ. ಬೋಲ್ಟು ಬಿಗಿದವನು ಬಣ್ಣದ ಗೆರೆ ಎಳೆಯುವುದು ಆ ಕಸುಬಿನ ಪದ್ಧತಿ. ಒಬ್ಬೊಬ್ಬರದು ಒಂದೊಂದು ಗುರುತು. ಎಂಜಿನಿಯರ್ ಗುರುತಿನ ಪುಸ್ತಕ ತೆರೆದು ಒಂದು ಹೆಸರಿನ ಮೇಲೆ ಬೆರಳಿಟ್ಟಳು. ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿದರು.

ಬುಧವಾರ 11.15. ಫಿಟ್ಟರ್ ಮನೆ. ಬಾಗಿಲ ಪಕ್ಕದಲ್ಲಿ ಮಗಳ ಬೂಟುಗಳು ಹಾಗೇ ಇದ್ದವು.

"ಈ ಗೆರೆ ನಿಮ್ದಾ?"

"ನಂದೇ."

"ಪಟ್ಟಿ ಯಾಕೆ ಹಾಕಿದ್ರಿ?"

"ಗಾಳಿ ಬೀಸಿದ್ರೆ ಚಾವಣಿ ಕಿರ್ ಅನ್ನುತ್ತೆ ಅಪ್ಪಾ, ಭಯ ಆಗುತ್ತೆ ಅಂದ್ಲು. ಹತ್ತಿ ನೋಡ್ದೆ, ಅಲುಗ್ತಿತ್ತು. ಅದರ ಕೆಳಗೆ ಮಗಳನ್ನ ಹೇಗೆ ಬಿಡ್ಲಿ? ಅವಳು ಆಡೋ ಕಡೆ ಏಳನ್ನೂ ಬಿಗಿದೆ."

"ಎಂಜಿನಿಯರನ್ನ ಕೇಳಿದ್ರಾ?"

"ಇಪ್ಪತ್ತು ವರ್ಷದಿಂದ ಬೋಲ್ಟ್ ಬಿಗೀತಿದೀನಿ. ಗಟ್ಟಿ ಮಾಡೋಕೆ ಯಾರನ್ನ ಕೇಳ್ಬೇಕು ಸಾರ್?"

ಪಾಪ, ಅವನಿಗೆ ಇನ್ನೂ ಗೊತ್ತೇ ಇರಲಿಲ್ಲ. ಇನ್‌ಸ್ಪೆಕ್ಟರ್ ಮೂರೇ ಮಾತಿನಲ್ಲಿ ಹೇಳಿ ಮುಗಿಸಿದರು. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಎರಡು ಸಲ ಕರೆದ. ಅವಳು ತೆಗೆಯಲಿಲ್ಲ.

12.05ಕ್ಕೆ ಬಂಧನ. ಜೀಪಿನಲ್ಲಿ ಅವನು ಒಂದೇ ಮಾತು ಆಡಿದ: "ಯಾರ ತಪ್ಪು ಅಂತ ಬರ್ಕೊಳ್ಳಿ ಅಂದಿದ್ನಲ್ಲ ಸಾರ್. ಬರ್ಕೊಳ್ಳಿ."

ಠಾಣೆಯಲ್ಲಿ ಮುಖ್ಯ ಪೇದೆ ದೂರುದಾರನ ಹೆಸರನ್ನೇ ಆರೋಪಿಯ ಜಾಗದಲ್ಲೂ ಬರೆದ. ಕಾರಣ ಬರೆಯುವ ಕಡೆ ಬಂದಾಗ ಪೆನ್ನು ನಿಂತಿತು.

"ಮಗಳಿಗೆ ಭಯವಾಗುತ್ತಿತ್ತು ಅಂತ ಬರಿ," ಎಂದರು ಇನ್‌ಸ್ಪೆಕ್ಟರ್.